ಅರೇಬಿಕಾದ ವಂಶಾವಳಿ



ಮಲೆನಾಡಿನ ತೋಟದ ಮನೆಗಳಲ್ಲಿ ಕಾಫಿಗೂ ಕುಲದ ಲೆಕ್ಕವಿದೆ. ಅರೇಬಿಕಾ ಮೇಲು, ರೋಬಸ್ಟಾ ಅದಕ್ಕಿಂತ ಕೀಳು ಎಂದು ಬಹುಕಾಲದಿಂದ ಎಣಿಸಲಾಗಿದೆ. ಆದರೆ ಅರೇಬಿಕಾದ ಹೆತ್ತವರು ಯಾರೆಂದು ನೀವು ಎಂದಾದರೂ ವಿಚಾರಿಸಿದ್ದೀರಾ? ಒಂದು ಕಡೆಯವರು ಪೂರ್ವ ಆಫ್ರಿಕದ ಯೂಜಿನಿಯಾಯ್ಡಿಸ್ ಎಂಬ ಕಾಡುಕಾಫಿ. ಇನ್ನೊಂದು ಕಡೆಯವರು, ನಾವು ಕೀಳೆಂದು ಎಣಿಸಿದ ಅದೇ ರೋಬಸ್ಟಾ!

ಈ ಕೂಡುವಿಕೆ ಸುಮಾರು 6 ಲಕ್ಷ ವರ್ಷಗಳ ಹಿಂದೆ ನಡೆಯಿತೆಂದು 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜು. ಮನುಷ್ಯನ ಕೈ ಅದರಲ್ಲಿ ಇರಲಿಲ್ಲ. ಎರಡು ಪ್ರಭೇದಗಳ ಸಂಕರ ಸಂತತಿ ಹೇಸರಗತ್ತೆಯಂತೆ ಬಹುಮಟ್ಟಿಗೆ ಬಂಜೆಯಾಗುತ್ತದೆ. ತಂದೆಯಿಂದ 11, ತಾಯಿಯಿಂದ 11 ವರ್ಣತಂತುಗಳು ಬಂದರೂ ಅವು ಒಂದಕ್ಕೊಂದು ಅಪರಿಚಿತ; ಪರಾಗವೂ ಅಂಡಾಣುವೂ ರೂಪುಗೊಳ್ಳುವಾಗ ಸರಿಜೋಡಿ ಸಿಗದೆ ಚದುರಿಹೋಗುತ್ತವೆ. ಆದರೆ ಸಸ್ಯಗಳಲ್ಲಿ ಅಪರೂಪಕ್ಕೊಮ್ಮೆ ಕೋಶವಿಭಜನೆ ಎಡವಿ, ವರ್ಣತಂತುಗಳ ಇಡೀ ಗಂಟೇ ಇಮ್ಮಡಿಯಾಗುತ್ತದೆ. 22 ಇದ್ದುದು 44 ಆಗಿ, ಪ್ರತಿಯೊಂದಕ್ಕೂ ತನ್ನ ಜೋಡಿ ದೊರೆಯುತ್ತದೆ. ಬಂಜೆಯಾಗಬೇಕಿದ್ದ ಗಿಡ ಫಲ ಕೊಡುತ್ತದೆ. ಹೊಸ ಪ್ರಭೇದವೊಂದು ಕೆಲವೇ ತಲೆಮಾರುಗಳಲ್ಲಿ ಹುಟ್ಟುತ್ತದೆ. ವಂಶವೃಕ್ಷವೆಂದರೆ ಕವಲೊಡೆಯುವ ಮರವೆಂದೇ ನಾನು ತಿಳಿದಿದ್ದೆ. ಇಲ್ಲಿ ಕವಲುಗಳು ಮತ್ತೆ ಕೂಡಿಕೊಳ್ಳುತ್ತವೆ.

ಇದು ಕಾಫಿಯೊಂದರ ಕಥೆಯಲ್ಲ. ಬಲಿಪೂಜೆಯ ರೊಟ್ಟಿ ಅಪ್ಪಟ ಗೋಧಿಯದೇ ಆಗಿರಬೇಕೆಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಆ ಅಪ್ಪಟ ಗೋಧಿಯೇ ಮೂರು ಬೇರೆ ಬೇರೆ ಹುಲ್ಲುಗಳ ಸಂತಾನ. ಹೂಬಿಡುವ ಸಸ್ಯಗಳೆಲ್ಲದರ ಪೂರ್ವಜರಲ್ಲೇ ಇಂಥ ಇಮ್ಮಡಿಯ ಗುರುತುಗಳು ಉಳಿದಿವೆ.

ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ತಂದೆಯೊಬ್ಬರು ನನ್ನಲ್ಲಿಗೆ ಬಂದರು. ಅವರ ಮಗಳು ಮೆಚ್ಚಿದ ಹುಡುಗ ಕಥೋಲಿಕನೇ, ಆದರೆ ಮೂಲದಲ್ಲಿ ಬೇರೆ ಜಾತಿಯವನು. “ಫಾದರ್, ಬೆರಕೆಯೆಂಬುದು ಸೃಷ್ಟಿಯ ನಿಯಮಕ್ಕೇ ವಿರುದ್ಧವಲ್ಲವೇ?” ಎಂದು ಕೇಳಿದರು. ನಾನು ಪ್ರಾರ್ಥಿಸಿ ನಿರ್ಧರಿಸಿರಿ ಎಂದಷ್ಟೇ ಹೇಳಿ ಕಳುಹಿಸಿದೆ. ಅದು ಉತ್ತರವಲ್ಲ, ನುಣುಚಿಕೆ.

ಗಿಡಗಳು ಬೆರೆಯುತ್ತವೆ, ಆದುದರಿಂದ ಮನುಷ್ಯರೂ ಬೆರೆಯಬೇಕು ಎಂದು ನಾನು ವಾದಿಸಲಾರೆ. ಆಸರೆ ಕೊಟ್ಟ ಮರವನ್ನೇ ಬಿಗಿದು ಕೊಲ್ಲುವ ಮರಗಳೂ ಕಾಡಿನಲ್ಲಿವೆ. ಅವುಗಳಿಂದ ನೀತಿ ಕಲಿಯಲಾಗದು. ಆದರೆ ಸೃಷ್ಟಿಯನ್ನು ಸಾಕ್ಷಿಗೆ ಕರೆದವರು ಸಾಕ್ಷಿಯ ಹೇಳಿಕೆಯನ್ನು ಪೂರ್ತಿಯಾಗಿ ಕೇಳಬೇಕಲ್ಲವೇ? ಕಾಫಿಯಲ್ಲಿ ಕೂಡಿದ್ದು ಎರಡು ಪ್ರಭೇದಗಳು. ಆ ಹುಡುಗ ಹುಡುಗಿ ಇಬ್ಬರೂ ಒಂದೇ ಮನುಷ್ಯಕುಲದವರು. ನಮ್ಮ ನುಡಿಯಲ್ಲಿ ‘ಬೆರಕೆ’ ಬೈಗುಳವಾದದ್ದು ನಮ್ಮಿಂದ, ಸೃಷ್ಟಿಯಿಂದಲ್ಲ.

ಇನ್ನೊಂದು ಮಾತು. ಅರೇಬಿಕಾ ಬಹುಶಃ ಒಂದೇ ಸಲದ ಕೂಡುವಿಕೆಯಿಂದ ಹುಟ್ಟಿ, ಬಳಿಕ ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತಾ ಬಂದ ಗಿಡ. ಆದುದರಿಂದ ಅದರೊಳಗಿನ ವೈವಿಧ್ಯ ತೀರ ಕಡಿಮೆ, ರೋಗಕ್ಕೆ ಬೇಗ ತುತ್ತಾಗುತ್ತದೆ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅಲ್ಲಿಯ ಕಾಫಿ ಬೇಸಾಯವನ್ನೇ ಹಾಳುಗೆಡವಿತು. ನಮ್ಮ ನಾಡಿನಲ್ಲಿ ಆ ರೋಗವನ್ನು ಎದುರಿಸಲು ಬೆಳೆಸಿದ ಎಸ್.795 ತಳಿಗೆ ತಾಳುವ ಶಕ್ತಿ ಬಂದದ್ದು ಲಿಬೇರಿಕಾ ಎಂಬ ಮತ್ತೊಂದು ಪ್ರಭೇದದ ಬೆರಕೆಯಿಂದ.

ಆ ತಂದೆಯ ತೋಟದ ತುಂಬ ಇದ್ದದ್ದು ಎಸ್.795. ಅವರೇ ಹೆಮ್ಮೆಯಿಂದ ಸುತ್ತಿಸಿ ತೋರಿಸಿದ್ದರು. ಮಗಳ ಮದುವೆ ಬೇರೊಂದು ಧರ್ಮಕೇಂದ್ರದಲ್ಲಿ ನಡೆಯಿತು. ಅವರು ಹೋಗಲಿಲ್ಲ. ಕರೆಯಿದ್ದರೂ ನಾನೂ ಹೋಗಲಿಲ್ಲ.