ಅತ್ತಿಹಣ್ಣಿನೊಳಗೆ ನೀತಿಯುಂಟೆ?

'ಬಲಿಷ್ಠನೇ ಬದುಕುತ್ತಾನೆ, ಅದೇ ಪ್ರಕೃತಿ ನಿಯಮ' ಎಂಬ ಮಾತನ್ನು ಡಾರ್ವಿನ್ನನ ಹೆಸರಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಸೀಟು ಸಿಗದವನಿಗೆ, ಕೆಲಸ ಕಳೆದುಕೊಂಡವನಿಗೆ ಸಮಾಧಾನದಂತೆ ಹೇಳುವ ಮಾತದು. ಆದರೆ 'ಯೋಗ್ಯತಮದ ಉಳಿವು' ಎಂಬ ನುಡಿಯನ್ನು 1864ರಲ್ಲಿ ಟಂಕಿಸಿದವನು ಹರ್ಬರ್ಟ್ ಸ್ಪೆನ್ಸರ್. ಡಾರ್ವಿನ್ ಅದನ್ನು 'ಪ್ರಭೇದಗಳ ಉಗಮ'ದ 1869ರ ಆವೃತ್ತಿಯಲ್ಲಿ ಸೇರಿಸಿಕೊಂಡ. ಅಲ್ಲಿ 'ಯೋಗ್ಯ' ಎಂದರೆ ತನ್ನ ಪರಿಸರಕ್ಕೆ ಹೊಂದಿಕೊಂಡು ಸಂತಾನವನ್ನು ಉಳಿಸಿದ್ದು. ತೋಳ್ಬಲಕ್ಕೂ ಅದಕ್ಕೂ ನಂಟಿರಲೇಬೇಕೆಂದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಚಿತ್ರ ಇನ್ನಷ್ಟು ಬದಲಾಯಿತು. ನಮ್ಮ ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳು ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಾಗಳಾಗಿದ್ದವು ಎಂದು 1967ರಲ್ಲಿ ಲಿನ್ ಮಾರ್ಗುಲಿಸ್ ವಾದಿಸಿದರು. ಮುಂದೆ ಡಿಎನ್‌ಎ ಅಧ್ಯಯನಗಳು ಅದನ್ನು ದೃಢಪಡಿಸಿದವು. ಜೀವಿಗಳು ಪರಿಸರಕ್ಕೆ ಹೊಂದಿಕೊಳ್ಳುವುದಷ್ಟೇ ಅಲ್ಲ, ಅದನ್ನು ಬದಲಾಯಿಸುತ್ತಲೂ ಇರುತ್ತವೆ ಎಂದು ಪರಿಸರ ವಿಜ್ಞಾನ ತೋರಿಸಿತು.

ಈಗ ಹೊಸದೊಂದು ಉಪದೇಶ ಕೇಳಿಬರುತ್ತಿದೆ: ಪ್ರಕೃತಿ ಸಹಕಾರವನ್ನು ಕಲಿಸುತ್ತದೆ, ನಾವೂ ಹಾಗೇ ಬಾಳೋಣ. ಕೇಳಲು ಹಿತವಾಗಿದೆ. ಆದರೂ ಜೀವವಿಜ್ಞಾನದ ಸಂಶೋಧನಾ ವಿದ್ಯಾರ್ಥಿಯಾದ ನನಗೆ ಇದನ್ನು ಒಪ್ಪಲು ಅಳುಕು.

ಅತ್ತಿಹಣ್ಣನ್ನೇ ನೋಡಿ. ಹೊರಗೆ ಕೆಂಪು, ಒಳಗೆ ಹುಳು ಎಂದು ನಾವದನ್ನು ಹಂಗಿಸುತ್ತೇವೆ. ಅದು ನಿಜಕ್ಕೂ ಒಳಮುಖವಾಗಿ ಅರಳಿದ ಹೂಗಳ ಗೊಂಚಲು. ಪುಟ್ಟ ಕಣಜವೊಂದು ಅದರ ಕಿರಿದಾದ ಬಾಯಿಯಿಂದ ನುಸುಳಿ, ಪರಾಗ ತಲುಪಿಸಿ, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಕೆಲವು ಹೂಗಳು ಬೀಜವಾಗುತ್ತವೆ, ಕೆಲವು ಮರಿಗಳಿಗೆ ತೊಟ್ಟಿಲಾಗುತ್ತವೆ. ಕಣಜವಿಲ್ಲದೆ ಮರದ ಸಂತಾನವಿಲ್ಲ, ಮರವಿಲ್ಲದೆ ಕಣಜದ್ದೂ ಇಲ್ಲ. ಆದರೆ ಅದೇ ಕಾಯಿಯನ್ನು ಹೊರಗಿನಿಂದ ಚುಚ್ಚಿ, ಪರಾಗ ತಾರದೆಯೇ ಮೊಟ್ಟೆಯಿಡುವ ಬೇರೆ ಕಣಜಗಳೂ ಇವೆ. ಅವುಗಳಲ್ಲಿ ಕೆಲವುಗಳ ಮರಿಗಳು ಇತರ ಕಣಜಗಳ ಮರಿಗಳನ್ನೇ ತಿಂದು ಬೆಳೆಯುತ್ತವೆ. ಪಾಲುದಾರಿಕೆ, ಕಳ್ಳತನ, ಕೊಲೆ ಮೂರಕ್ಕೂ ಒಂದೇ ಹಣ್ಣು ಮನೆ. ಮೂರನ್ನೂ ಉಳಿಸಿದ್ದು ವಿಕಾಸವೇ. ಇದರಲ್ಲಿ ಯಾವುದನ್ನು ನೀತಿಯೆಂದು ಆರಿಸಿಕೊಳ್ಳೋಣ? ಆರಿಸುವ ಕ್ಷಣದಲ್ಲೇ ನಮ್ಮ ಕೈಯಲ್ಲಿ ಬೇರೊಂದು ಅಳತೆಗೋಲು ಇರುತ್ತದೆ. ಅದು ಹಣ್ಣಿನಿಂದ ಬಂದದ್ದಲ್ಲ.

ಹಾಗಾದರೆ ಈ ವಿಜ್ಞಾನದಿಂದ ನೀತಿಗೆ ಏನೂ ಉಪಯೋಗವಿಲ್ಲವೆ? ಇದೆ. ಯಾವುದು ಯಾವುದಕ್ಕೆ ಜೋತುಬಿದ್ದಿದೆ ಎಂದು ಅದು ತಿಳಿಸುತ್ತದೆ. ರಸ್ತೆ ಅಗಲಿಸಲು ಒಂದು ಅತ್ತಿಮರ ಕಡಿದರೆ ಕಣಜ, ಬಾವಲಿ, ಹಕ್ಕಿ, ಮಂಗ ಎಲ್ಲದರ ಪಾಲೂ ಹೋಗುತ್ತದೆ ಎಂದು ಗೊತ್ತಾದ ಮೇಲೆ 'ಒಂದು ಮರ ತಾನೆ' ಎನ್ನುವಂತಿಲ್ಲ. ಕಡಿಯಬೇಕೆ, ಬೇಡವೆ ಎಂಬ ತೀರ್ಮಾನ ಮಾತ್ರ ನಮ್ಮದು. ಸೀಟುಗಳೆಷ್ಟು, ಕೆಲಸ ಯಾರಿಗೆ ಎಂಬುದೂ ಹಾಗೆಯೇ. ಅವನ್ನು ಗೊತ್ತುಮಾಡಿದವರು ಮನುಷ್ಯರು. ಉತ್ತರ ಕೊಡಬೇಕಾದವರೂ ಅವರೇ.