ತೆರೆಯದ ಲಾಕ್ ಸ್ಕ್ರೀನ್ ಮತ್ತು ಪ್ರಾಮಾಣ್ಯದ ಪ್ರಶ್ನೆ

ಲಿನಕ್ಸ್ ಡೆಸ್ಕ್‌ಟಾಪನ್ನು ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಅದು ತಾನಾಗಿ ಬೀಗ ಹಾಕಿಕೊಳ್ಳುತ್ತದೆ. ಮರಳಿ ಬಂದವರು ಪಾಸ್‌ವರ್ಡ್ ಕೊಟ್ಟರೆ ತೆರೆಯಬೇಕು, ಕೆಲವೊಮ್ಮೆ ತೆರೆಯುವುದಿಲ್ಲ. ಬೆಳಿಗ್ಗೆ ಲಾಗಿನ್ ಆಗುವಾಗ ನಡೆದ ಪಾಸ್‌ವರ್ಡನ್ನೇ ಮಧ್ಯಾಹ್ನ ಪರದೆ ತಪ್ಪು ಎನ್ನುತ್ತದೆ. ಮುಂದೆ ಕೂತವರಿಗೆ ತಾವು ಯಾರೆಂಬ ಬಗ್ಗೆ ಸಂಶಯವಿಲ್ಲ, ಪಾಸ್‌ವರ್ಡಿನ ಬಗ್ಗೆಯೂ ಇಲ್ಲ. ಈ ತೊಡಕನ್ನು ಬಿಡಿಸಲು ಹೊರಟರೆ ಎದುರಾಗುವ ಪ್ರಶ್ನೆಗಳು ಭಾರತೀಯ ಪ್ರಮಾಣಶಾಸ್ತ್ರದಲ್ಲಿ ಸಾವಿರ ವರ್ಷಗಳಿಗೂ ಮೀರಿ ಚರ್ಚೆಯಾದವು. ಒಂದು ಮಾತು ಸಾಬೀತಾಗಲಿಲ್ಲ ಎಂದಮಾತ್ರಕ್ಕೆ ಅದು ಸುಳ್ಳೆಂದು ತಿಳಿದಂತಾಯಿತೇ? ಪರೀಕ್ಷೆ ಮಾಡುವ ಸಾಧನವನ್ನು ಪರೀಕ್ಷಿಸುವುದು ಯಾವುದು?

ಮೊದಲು ಬೀಗದ ಒಳರಚನೆ. ಲಾಕ್ ಸ್ಕ್ರೀನಿಗೆ ಪಾಸ್‌ವರ್ಡ್ ಗೊತ್ತಿರುವುದಿಲ್ಲ. ಬಳಕೆದಾರ ಒತ್ತಿದ ಅಕ್ಷರಗಳನ್ನು ಅದು ಪ್ಯಾಮ್ ಎಂಬ ವ್ಯವಸ್ಥೆಗೆ ದಾಟಿಸುತ್ತದೆ. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ರೂಪಿಸಿದ ಈ ವ್ಯವಸ್ಥೆ ಇಂದು ಬಹುತೇಕ ಎಲ್ಲ ಲಿನಕ್ಸ್ ವಿತರಣೆಗಳಲ್ಲೂ ಇದೆ. ಬೀಗದ ಪ್ರೋಗ್ರಾಮಿನ ಹೆಸರಿನಲ್ಲಿ ಒಂದು ನಿಯಮದ ಫೈಲ್ ಇರುತ್ತದೆ. ಪ್ಯಾಮ್ ಅದನ್ನು ಓದಿ, ಅಲ್ಲಿ ಹೇಳಿದ ಮಾಡ್ಯೂಲುಗಳನ್ನು ಒಂದಾದ ಮೇಲೊಂದು ಕರೆಯುತ್ತದೆ. ಕೊನೆಯಲ್ಲಿ ಹೋಲಿಕೆ ನಡೆಯುವುದು ಶ್ಯಾಡೋ ಎಂಬ ಫೈಲಿನೊಡನೆ. ಅಲ್ಲಿಯೂ ಪಾಸ್‌ವರ್ಡ್ ಇರುವುದಿಲ್ಲ. ಅದನ್ನು ಉಪ್ಪು ಎಂದು ಕರೆಯುವ ಒಂದಷ್ಟು ಯಾದೃಚ್ಛಿಕ ಅಕ್ಷರಗಳೊಡನೆ ಬೆರೆಸಿ ಅರೆದ ಹ್ಯಾಶ್ ಇರುತ್ತದೆ. ಡೆಬಿಯನ್ 11ರಿಂದ ಈಚೆಗೆ ಆ ವಿತರಣೆಯಲ್ಲಿ ಇದಕ್ಕೆ ವೈಸ್‌ಕ್ರಿಪ್ಟ್ ಎಂಬ ವಿಧಾನ ಬಳಕೆಯಲ್ಲಿದೆ. ಶ್ಯಾಡೋ ಫೈಲನ್ನು ಸಾಮಾನ್ಯ ಬಳಕೆದಾರ ಓದುವಂತಿಲ್ಲ. ಆದರೆ ಐ3ಲಾಕ್‌ನಂಥ ಅನೇಕ ಬೀಗಗಳು ಬಳಕೆದಾರನ ಹಕ್ಕಿನಲ್ಲೇ ನಡೆಯುತ್ತವೆ. ಹಾಗಾಗಿ ಯೂನಿಕ್ಸ್_ಸಿಎಚ್‌ಕೆಪಿಡಬ್ಲ್ಯೂಡಿ ಎಂಬ ಪುಟ್ಟ ಸಹಾಯಕ ಪ್ರೋಗ್ರಾಮು ವಿಶೇಷ ಹಕ್ಕು ಪಡೆದು ಒಳಹೋಗಿ, ಹೋಲಿಸಿ, ಹೌದು ಅಥವಾ ಅಲ್ಲ ಎಂದು ಬಂದು ಹೇಳುತ್ತದೆ.

ಇಷ್ಟು ಉದ್ದದ ಸರಪಳಿಯಲ್ಲಿ ಎಲ್ಲಿ ಕೊಂಡಿ ಕಳಚಿದರೂ ಪರದೆಯ ಮೇಲೆ ಕಾಣುವುದು ಸಾಮಾನ್ಯವಾಗಿ ಒಂದೇ ಸಾಲು: ದೃಢೀಕರಣ ವಿಫಲ. ಪಾಸ್‌ವರ್ಡ್ ತಪ್ಪಿದ್ದರೂ ಅದೇ. ಸಹಾಯಕ ಪ್ರೋಗ್ರಾಮಿನ ಹಕ್ಕು ಹೋಗಿದ್ದರೂ ಅದೇ. ನಿಯಮದ ಫೈಲೇ ಇಲ್ಲದಿದ್ದರೆ ಪ್ಯಾಮ್ ‘ಅದರ್’ ಎಂಬ ಸಾಮಾನ್ಯ ಫೈಲಿಗೆ ಹೋಗುತ್ತದೆ. ಅಲ್ಲಿ ಎಲ್ಲರನ್ನೂ ನಿರಾಕರಿಸು ಎಂಬ ನಿಯಮವಿದ್ದರೆ ಪಾಸ್‌ವರ್ಡನ್ನು ಯಾರೂ ನೋಡದೆಯೇ ‘ಅಲ್ಲ’ ಎಂಬ ಉತ್ತರ ಬರುತ್ತದೆ. ವಿಶೇಷವೆಂದರೆ ಪ್ಯಾಮ್ ಈ ಭೇದವನ್ನು ಬಲ್ಲದು. ಕೊಟ್ಟ ಪಾಸ್‌ವರ್ಡ್ ಒಪ್ಪಿಗೆಯಾಗಲಿಲ್ಲ ಎಂಬುದಕ್ಕೆ ಒಂದು ಸಂಕೇತ, ಹೋಲಿಸಬೇಕಾದ ಮಾಹಿತಿಯೇ ಕೈಗೆ ಸಿಗಲಿಲ್ಲ ಎಂಬುದಕ್ಕೆ ಇನ್ನೊಂದು ಸಂಕೇತ ಅದರಲ್ಲಿ ಬೇರೆಬೇರೆಯಾಗಿಯೇ ಇವೆ. ಒಳಗೆ ಎರಡಾಗಿರುವುದು ಹೊರಗೆ ಬರುವಾಗ ಒಂದಾಗಿಬಿಡುತ್ತದೆ.

ಮೀಮಾಂಸಕರಲ್ಲಿ ಕುಮಾರಿಲ ಭಟ್ಟನ ಪಂಥದವರು ಮತ್ತು ಅದ್ವೈತಿಗಳು ಅನುಪಲಬ್ಧಿಯನ್ನು ಒಂದು ಸ್ವತಂತ್ರ ಪ್ರಮಾಣವೆಂದು ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ತಿಳಿಯುತ್ತದೆ. ಕಾಣದಿರುವುದೇ ಆ ತಿಳಿವಿಗೆ ಸಾಧನ. ಆದರೆ ಇದಕ್ಕೊಂದು ಷರತ್ತಿದೆ. ಗಡಿಗೆ ಅಲ್ಲಿದ್ದಿದ್ದರೆ ಕಾಣಲೇಬೇಕಾದಂಥ ಸ್ಥಿತಿ ಇರಬೇಕು: ಬೆಳಕಿರಬೇಕು, ಕಣ್ಣು ಸರಿಯಿರಬೇಕು, ನಡುವೆ ಮರೆ ಇರಬಾರದು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಅಲ್ಲಿ ಗಡಿಗೆಯಿಲ್ಲ ಎಂದು ಹೇಳಲಾಗದು. ಈ ಯೋಗ್ಯತೆಯ ಷರತ್ತು ಕೂಡಿದಾಗಲೇ ಅದು ಯೋಗ್ಯಾನುಪಲಬ್ಧಿ. ಅನುಪಲಬ್ಧಿಯನ್ನು ಬೇರೆ ಪ್ರಮಾಣವೆಂದು ಎಣಿಸದ ನೈಯಾಯಿಕರೂ ಈ ಷರತ್ತನ್ನು ಬಿಟ್ಟುಕೊಡುವುದಿಲ್ಲ.

ಲಾಕ್ ಸ್ಕ್ರೀನಿನ ‘ಅಲ್ಲ’ವನ್ನು ಈ ಷರತ್ತಿನಲ್ಲೇ ಅಳೆಯಬೇಕು. ಕಚೇರಿಗಳಲ್ಲಿ ಬಳಕೆದಾರರ ಖಾತೆ ದೂರದ ಸರ್ವರಿನಲ್ಲಿರುವುದುಂಟು. ಯಂತ್ರ ನಿದ್ದೆಯಿಂದ ಎದ್ದಾಗ ನೆಟ್‌ವರ್ಕ್ ಇನ್ನೂ ಎದ್ದಿರುವುದಿಲ್ಲ, ಪಾಸ್‌ವರ್ಡಿನ ಗುರುತು ಯಂತ್ರದಲ್ಲೇ ಉಳಿಸಿಟ್ಟಿಲ್ಲದಿದ್ದರೆ ಕೇಳಲು ಸರ್ವರೂ ಸಿಗುವುದಿಲ್ಲ. ಆಗ ಬರುವ ‘ಅಲ್ಲ’ಕ್ಕೆ ‘ಗೊತ್ತಿಲ್ಲ’ ಎಂಬುದಷ್ಟೇ ಅರ್ಥ. ದೋಷಪರಿಹಾರದ ಮೊದಲ ಕೆಲಸ ‘ಗೊತ್ತಿಲ್ಲ’ವನ್ನು ‘ಅಲ್ಲ’ದಿಂದ ಬಿಡಿಸುವುದು. ಅದನ್ನು ಬಿಟ್ಟು ಅದೇ ಪಾಸ್‌ವರ್ಡನ್ನು ಮತ್ತೆಮತ್ತೆ ಒತ್ತುವುದು ಕತ್ತಲಲ್ಲಿ ಇನ್ನಷ್ಟು ಕಣ್ಣರಳಿಸಿದಂತೆ.

ಹೇಗೆ ಬಿಡಿಸುವುದು? ತರ್ಕಶಾಸ್ತ್ರದ ಅನ್ವಯ–ವ್ಯತಿರೇಕ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಒಂದಿದ್ದರೆ ಇನ್ನೊಂದಿರುವುದು ಅನ್ವಯ, ಅದಿಲ್ಲದಿದ್ದರೆ ಇದೂ ಇಲ್ಲದಿರುವುದು ವ್ಯತಿರೇಕ. ಕಂಟ್ರೋಲ್, ಆಲ್ಟ್ ಜೊತೆಗೆ ಎಫ್3 ಒತ್ತಿದರೆ ಸಾಮಾನ್ಯವಾಗಿ ಕಪ್ಪು ತೆರೆಯ ಕನ್ಸೋಲ್ ತೆರೆದುಕೊಳ್ಳುತ್ತದೆ. ಅಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟಾಗ ಒಳಗೆ ಬಿಟ್ಟರೆ ಪಾಸ್‌ವರ್ಡ್ ಸರಿ, ಶ್ಯಾಡೋ ಫೈಲೂ ಸರಿ ಎಂದಾಯಿತು. ಕನ್ಸೋಲಿನ ಲಾಗಿನ್ ಪ್ರೋಗ್ರಾಮು ರೂಟ್ ಎಂಬ ಸರ್ವಾಧಿಕಾರದ ಖಾತೆಯ ಹಕ್ಕಿನಲ್ಲಿ ನಡೆಯುವುದರಿಂದ ಅದಕ್ಕೆ ಸಹಾಯಕ ಪ್ರೋಗ್ರಾಮಿನ ಹಂಗಿಲ್ಲ, ಬೀಗಕ್ಕೆ ಇದೆ. ಹಾಗಾದರೆ ದೋಷ ಆ ಸಹಾಯಕನಲ್ಲಿದೆ ಎಂದು ಹೇಳಿಬಿಡಬಹುದು ಅನ್ನಿಸುತ್ತದೆ.

ಇಲ್ಲಿ ಅವಸರ ಕೂಡದು. ಕನ್ಸೋಲಿಗೂ ಬೀಗಕ್ಕೂ ನಡುವೆ ಇರುವ ವ್ಯತ್ಯಾಸ ಒಂದಲ್ಲ, ಕನಿಷ್ಠ ಎರಡು. ಕನ್ನಡದಲ್ಲಿ ಬರೆಯುವವರ ಡೆಸ್ಕ್‌ಟಾಪಿನಲ್ಲಿ ಇಂಗ್ಲಿಷ್ ಕೀಲಿಮಣೆಯ ಜೊತೆ ಕನ್ನಡದ ವಿನ್ಯಾಸವೂ, ಹಲವರಲ್ಲಿ ಕಗಪ ವಿನ್ಯಾಸವೂ ಇರುತ್ತದೆ. ಕನ್ನಡದಲ್ಲಿ ಏನೋ ಬರೆಯುತ್ತ ಎದ್ದುಹೋದರೆ ಬೀಗ ಬಿದ್ದಾಗಲೂ ಆ ವಿನ್ಯಾಸವೇ ಉಳಿದಿರಬಹುದು. ಪಾಸ್‌ವರ್ಡಿನ ಪೆಟ್ಟಿಗೆಯಲ್ಲಿ ಕಾಣುವುದು ಚುಕ್ಕೆಗಳು ಮಾತ್ರ. ಬೆರಳು ಒತ್ತಿದ್ದು ‘ಕೆ’ ಆದರೂ ಪೆಟ್ಟಿಗೆಗೆ ಬಿದ್ದದ್ದು ‘ಕ’ಕಾರವೆಂದು ಹೇಳುವ ಗುರುತು ಅಲ್ಲಿಲ್ಲ. ಕನ್ಸೋಲಿನ ಕೀಲಿವಿನ್ಯಾಸ ಬೇರೆಯೇ ಆದ್ದರಿಂದ ಅಲ್ಲಿ ಅದೇ ಬೆರಳುಗಳು ಇಂಗ್ಲಿಷ್ ಅಕ್ಷರಗಳನ್ನೇ ಕೊಡುತ್ತವೆ, ಬಾಗಿಲು ತೆರೆಯುತ್ತದೆ. ಒಂದೇ ಫಲ, ಎರಡು ಸಂಭಾವ್ಯ ಕಾರಣ. ಒಂದನ್ನು ಮಾತ್ರ ಬದಲಿಸಿ ನೋಡುವವರೆಗೆ ವ್ಯತಿರೇಕ ಶುದ್ಧವಾಗುವುದಿಲ್ಲ. ಬೀಗದ ಪರದೆಯಲ್ಲೇ ಇದ್ದು ಕೀಲಿವಿನ್ಯಾಸವನ್ನಷ್ಟೇ ಬದಲಿಸಿ ನೋಡಬೇಕು. ಅದಕ್ಕೂ ತೆರೆಯದಿದ್ದರೆ ಕನ್ಸೋಲಿನಿಂದ ಸಹಾಯಕ ಪ್ರೋಗ್ರಾಮಿನ ಅನುಮತಿಗಳ ಸಾಲನ್ನು ಓದಬೇಕು. ಆ ಸಾಲಿನಲ್ಲಿ ‘ಎಸ್’ ಅಕ್ಷರ ಇರಬೇಕು. ಬ್ಯಾಕಪ್‌ನಿಂದ ಫೈಲುಗಳನ್ನು ಮರಳಿ ತುಂಬುವಾಗ ಅದು ಅಳಿಸಿಹೋಗಿ ಬರಿಯ ‘ಎಕ್ಸ್’ ಉಳಿದಿದ್ದರೆ ದೋಷ ಸಿಕ್ಕಿತು. ಜರ್ನಲ್‌ಸಿಟಿಎಲ್ ತೋರಿಸುವ ದಾಖಲೆಯಲ್ಲಿ ಬೀಗ ವಿಫಲವಾದ ಗಳಿಗೆಯ ಸಾಲುಗಳು ಸಾಮಾನ್ಯವಾಗಿ ಇದಕ್ಕೆ ಸಾಕ್ಷ್ಯ ಒದಗಿಸುತ್ತವೆ.

ನೈಯಾಯಿಕರು ಇಂಥ ಎಡೆಯಲ್ಲಿ ಅನ್ಯಥಾಸಿದ್ಧ ಎಂಬ ವರ್ಗವನ್ನು ಗುರುತಿಸಿಟ್ಟಿದ್ದಾರೆ. ಮಣ್ಣು ಹೊತ್ತು ತಂದ ಕತ್ತೆ ಗಡಿಗೆ ಹುಟ್ಟುವ ಮುಂಚೆ ಅಲ್ಲಿತ್ತು, ಆದರೂ ಅದು ಗಡಿಗೆಗೆ ಕಾರಣವಲ್ಲ. ಅದಿಲ್ಲದೆಯೂ ಗಡಿಗೆ ಆಗುತ್ತದೆ. ಯಂತ್ರ ಸುಮ್ಮನಿದ್ದ ಸಮಯವೂ ಅನೇಕ ಸಲ ಹೀಗೆಯೇ. ಬಳಕೆದಾರರು ‘ಸುಮ್ಮನೆ ಬಿಟ್ಟದ್ದರಿಂದ ಹೀಗಾಯಿತು’ ಎನ್ನುತ್ತಾರೆ. ಎದ್ದುಹೋಗದೆ ಕೈಯಾರೆ ಬೀಗ ಹಾಕಿ ಆ ಕೂಡಲೇ ತೆರೆಯಲು ನೋಡಿದರೆ ವಿಷಯ ತಿಳಿಯುತ್ತದೆ. ಆಗಲೂ ತೆರೆಯದಿದ್ದರೆ ಸಮಯಕ್ಕೆ ಇಲ್ಲಿ ಯಾವ ಪಾತ್ರವೂ ಇಲ್ಲ. ಆಗ ತೆರೆದು, ನಿದ್ದೆ ಮಾಡಿ ಎದ್ದಾಗ ಮಾತ್ರ ಕೈಕೊಟ್ಟರೆ ನೆಟ್‌ವರ್ಕ್ ಅಥವಾ ಗ್ರಾಫಿಕ್ಸ್ ಡ್ರೈವರಿನತ್ತ ನೋಡಬೇಕು. ಪೆಟ್ಟಿಗೆಯೇ ಕಾಣದೆ ಪರದೆ ಕಪ್ಪಾಗಿ ಉಳಿಯುವುದು ಡ್ರೈವರಿನ ಬಾಬತ್ತು. ಅಲ್ಲಿ ಜ್ಞಾನದ ಪ್ರಶ್ನೆ ಏಳುವುದೇ ಇಲ್ಲ.

ಫೇಲ್‌ಲಾಕ್ ಎಂಬ ಮಾಡ್ಯೂಲು ಇದ್ದ ಕಡೆ ಇನ್ನೊಂದು ಬಗೆಯ ನಿರಾಕರಣೆ ಸೇರುತ್ತದೆ. ಅದರ ಮೂಲ ಹೊಂದಿಕೆಯಲ್ಲಿ 15 ನಿಮಿಷದೊಳಗೆ 3 ಸಲ ತಪ್ಪಿದರೆ ಮುಂದಿನ 10 ನಿಮಿಷ ಸರಿಯಾದ ಪಾಸ್‌ವರ್ಡೂ ನಡೆಯುವುದಿಲ್ಲ. ಇಲ್ಲಿ ಮಾತು ಸತ್ಯವೋ ಸುಳ್ಳೋ ಎಂಬುದು ಪಕ್ಕಕ್ಕೆ ಸರಿದು, ಹೇಳುವವರ ಅಧಿಕಾರವೇ ತಾತ್ಕಾಲಿಕವಾಗಿ ರದ್ದಾಗಿರುತ್ತದೆ. ಕಾಯಬೇಕು, ಇಲ್ಲವೇ ರೂಟ್ ಆಗಿ ಆ ಎಣಿಕೆಯನ್ನು ಅಳಿಸಬೇಕು.

ಇನ್ನು ಎರಡನೆಯ ಪ್ರಶ್ನೆ: ಪರೀಕ್ಷಿಸುವ ಸಾಧನವನ್ನು ಪರೀಕ್ಷಿಸುವುದು ಯಾವುದು? ಬೀಗ ಪ್ಯಾಮನ್ನು ನಂಬುತ್ತದೆ, ಪ್ಯಾಮ್ ಸಹಾಯಕನನ್ನು ನಂಬುತ್ತದೆ, ಸಹಾಯಕ ಫೈಲನ್ನು ನಂಬುತ್ತದೆ, ಫೈಲನ್ನು ಕಾಯುವುದು ಕರ್ನೆಲ್. ಪ್ರತಿ ಸಾಧನಕ್ಕೂ ಇನ್ನೊಂದು ಸಾಧನ ಬೇಕಾದರೆ ಅದು ಅನವಸ್ಥೆ. ಪ್ರಾಮಾಣ್ಯವಾದದ ಮುಖ್ಯ ತಕರಾರು ಇದೇ. ಜ್ಞಾನದ ಪ್ರಾಮಾಣ್ಯ, ಎಂದರೆ ಅದು ನಿಜವೆಂಬುದು, ಹೊರಗಿನಿಂದ, ಅಂದರೆ ಅದನ್ನು ನಂಬಿ ಮಾಡಿದ ಪ್ರವೃತ್ತಿ ಫಲಿಸಿದ್ದರಿಂದ, ತಿಳಿಯುತ್ತದೆ ಎನ್ನುವುದು ನ್ಯಾಯಮತ. ಎಲ್ಲ ಜ್ಞಾನವನ್ನೂ ಪರೀಕ್ಷಿಸಬೇಕಿಲ್ಲ, ಸಂಶಯ ಬಂದಲ್ಲಿ ಮಾತ್ರ ಸಾಕು; ಸಂಶಯವೂ ತನ್ನ ವ್ಯವಹಾರಕ್ಕೇ ವಿರೋಧವಾಗುವ ಗಡಿ ಮುಟ್ಟಿದಾಗ ನಿಲ್ಲಬೇಕು ಎಂದು ಉದಯನ ‘ನ್ಯಾಯಕುಸುಮಾಂಜಲಿ’ಯಲ್ಲಿ ವಾದಿಸಿದ. ಕೀಲಿಮಣೆಯನ್ನೂ ಕರ್ನೆಲನ್ನೂ ಕಣ್ಣನ್ನೂ ಏಕಕಾಲಕ್ಕೆ ಸಂಶಯಿಸುವವರು ಒಂದು ಕೀಲಿಯನ್ನೂ ಒತ್ತಲಾರರು.

ಈ ಚರ್ಚೆಗೆ ಕರ್ನಾಟಕದಿಂದ ಸಂದ ಕೊಡುಗೆ ದೊಡ್ಡದು. ಮಧ್ವರು, ಅವರ ಮತಕ್ಕೆ ‘ಪ್ರಮಾಣಪದ್ಧತಿ’ಯ ಮೂಲಕ ಶಾಸ್ತ್ರೀಯ ರೂಪ ಕೊಟ್ಟ ಜಯತೀರ್ಥರು, ಆಮೇಲೆ ವಿಜಯನಗರದ ವ್ಯಾಸತೀರ್ಥರು ಪ್ರಾಮಾಣ್ಯ ಹೊರಗಿನ ನೆರವಿಲ್ಲದೆ ಸ್ವತಃ ತಿಳಿಯುತ್ತದೆ ಎಂಬ ಪಕ್ಷ ಹಿಡಿದರು. ವ್ಯಾಸತೀರ್ಥರ ‘ತರ್ಕತಾಂಡವ’ ಮಿಥಿಲೆಯ ಗಂಗೇಶನ ‘ತತ್ತ್ವಚಿಂತಾಮಣಿ’ಯ ನಿಲುವನ್ನು ಎದುರಿಗಿಟ್ಟುಕೊಂಡೇ ವಾದ ಹೂಡುತ್ತದೆ. ಇವರ ಮತದಲ್ಲಿ ಇಂದ್ರಿಯಗಳೂ ಮನಸ್ಸೂ ತಪ್ಪಬಹುದು. ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ ಕೊನೆಗೆ ಗ್ರಹಿಸುವುದು ಸಾಕ್ಷಿ. ಅದು ಆತ್ಮದ ಸ್ವರೂಪವೇ ಆದ ಇಂದ್ರಿಯ. ಅದಕ್ಕೆ ಮೇಲೊಂದು ಪರೀಕ್ಷಕ ಬೇಕಿಲ್ಲ. ಅನವಸ್ಥೆ ಅಲ್ಲಿ ನಿಲ್ಲುತ್ತದೆ.

ಯಂತ್ರದಲ್ಲಿ ಸರಪಳಿ ನಿಲ್ಲುವುದು ರೂಟ್‌ನಲ್ಲಿ. ರೂಟನ್ನು ಯಂತ್ರದ ಸಾಕ್ಷಿ ಎನ್ನಲು ಮನಸ್ಸಾಗುವುದು ಸಹಜ, ಆದರೆ ಆ ಮಾತು ಸಲ್ಲದು. ಸಾಕ್ಷಿ ಎಂದಿಗೂ ತಪ್ಪುವುದಿಲ್ಲವೆಂಬುದು ಮಧ್ವರ ದ್ವೈತದ ಪ್ರತಿಪಾದನೆ. ರೂಟ್ ತಪ್ಪಬಹುದು, ಕದಿಯಲ್ಪಡಬಹುದು. ಎಲ್ಲೋ ಒಂದು ಕಡೆ ನಿಲ್ಲಲೇಬೇಕೆಂದು ಮನುಷ್ಯರು ಮಾಡಿಕೊಂಡ ಏರ್ಪಾಟು ಅದು. ಸಾಕ್ಷಿ ಇರುವುದು ಪರದೆಯ ಈಚೆ ಕೂತವರಲ್ಲಿ. ‘ಬೆಳಿಗ್ಗೆ ಎದ್ದುಹೋದ ನಾನೇ ಈಗ ಬಂದಿದ್ದೇನೆ’ ಎಂಬ ತಿಳಿವಿಗೆ ಅವರು ಹ್ಯಾಶ್ ಹೋಲಿಸುವುದಿಲ್ಲ.

ಈ ಪ್ರತ್ಯಭಿಜ್ಞೆಯನ್ನೇ ಬೌದ್ಧ ತಾರ್ಕಿಕರು ಪ್ರಶ್ನಿಸಿದ್ದರು. ಕತ್ತರಿಸಿದ ಮೇಲೆ ಮತ್ತೆ ಬೆಳೆದ ಕೂದಲನ್ನೂ ಉಗುರನ್ನೂ ‘ಅದೇ’ ಎನ್ನುತ್ತೇವೆ, ದೀಪದ ಜ್ವಾಲೆಯನ್ನೂ ಹಾಗೆನ್ನುತ್ತೇವೆ. ಅಲ್ಲಿರುವುದು ಸಾದೃಶ್ಯ ಮಾತ್ರ ಎಂಬುದು ಅವರ ಆಕ್ಷೇಪ. ಲಾಕ್ ಸ್ಕ್ರೀನಿನ ವ್ಯವಹಾರವೆಲ್ಲ ಈ ಪಕ್ಷಕ್ಕೆ ಒಪ್ಪುವಂಥದು. ಬಂದವರು ಅದೇ ವ್ಯಕ್ತಿಯೇ ಎಂಬುದನ್ನು ಅದು ಕೇಳುವುದೇ ಇಲ್ಲ. ಈಗ ಅರೆದ ಹ್ಯಾಶ್ ಇಟ್ಟ ಹ್ಯಾಶಿನಂತಿದೆಯೇ ಎಂದಷ್ಟೇ ನೋಡುತ್ತದೆ. ‘ಪಾಸ್‌ವರ್ಡ್ ಬಲ್ಲವನೇ ಒಡೆಯ’ ಎಂಬ ಅನುಮಾನದ ವ್ಯಾಪ್ತಿ ಎರಡು ಕಡೆಯೂ ಮುರಿಯುತ್ತದೆ: ಕದ್ದವನೂ ಬಲ್ಲ, ಒಡೆಯನೂ ಮರೆತಾನು.

ಸಂಶಯವಿದ್ದಾಗ ತೆರೆಯಬೇಕೋ ಮುಚ್ಚಬೇಕೋ ಎಂಬ ಪ್ರಶ್ನೆಯೂ ಇದರಿಂದಲೇ ಹುಟ್ಟುತ್ತದೆ. ಪರದೆಯನ್ನು ನಿರ್ವಹಿಸುವ ಹಳೆಯ ಎಕ್ಸ್11 ಪದ್ಧತಿಯಲ್ಲಿ ಬೀಗವೆಂದರೆ ಪರದೆಯನ್ನೆಲ್ಲ ಮುಚ್ಚಿ ಕೀಲಿಮಣೆಯನ್ನು ಹಿಡಿದುಕೊಂಡ ಒಂದು ಸಾಮಾನ್ಯ ಪ್ರೋಗ್ರಾಮು. ಅದು ಸತ್ತರೆ ಡೆಸ್ಕ್‌ಟಾಪ್ ಬಯಲು. 2021ರ ಜನವರಿಯಲ್ಲಿ ಲಿನಕ್ಸ್ ಮಿಂಟ್‌ನ ಬೀಗದಲ್ಲಿ ಇದು ಬೆಳಕಿಗೆ ಬಂತು. ಬಳಕೆದಾರರೊಬ್ಬರ ಮಕ್ಕಳು ಪರದೆಯ ಮೇಲಿನ ಕೀಲಿಮಣೆಯನ್ನೂ ಮೇಜಿನ ಕೀಲಿಮಣೆಯನ್ನೂ ಸಿಕ್ಕಸಿಕ್ಕಂತೆ ಒತ್ತಿದಾಗ ಬೀಗದ ಪ್ರೋಗ್ರಾಮೇ ಕುಸಿದು ಡೆಸ್ಕ್‌ಟಾಪ್ ತೆರೆದುಕೊಂಡಿತು. ಪರದೆಯ ಕೀಲಿಮಣೆಯಲ್ಲಿ ಅಡ್ಡಗೆರೆ ಹೊತ್ತ ‘ಇ’ ಅಕ್ಷರ ಅದಕ್ಕೆ ಸಾಕಾಗಿತ್ತು. ಎಕ್ಸ್11ರ ಬದಲಿಗೆ ಬಂದ ವೇಲ್ಯಾಂಡ್‌ನ ಸೆಷನ್-ಲಾಕ್ ನಿಯಮ ಇದನ್ನು ತಿರುಗಿಸಿತು: ಬೀಗದ ಪ್ರೋಗ್ರಾಮು ಸತ್ತರೂ ಪರದೆಯನ್ನು ಚಿತ್ರಿಸುವ ಕಂಪೋಸಿಟರ್ ಪರದೆಯನ್ನು ಮುಚ್ಚಿಯೇ ಇಟ್ಟಿರುತ್ತದೆ. ತಪ್ಪಾಗಿ ತೆರೆಯುವುದಕ್ಕಿಂತ ತಪ್ಪಾಗಿ ಮುಚ್ಚಿರುವುದು ಮೇಲು ಎಂಬ ಆಯ್ಕೆ ಸರಿಯೇ. ಆದರೆ ಅದರ ಬೆಲೆಯನ್ನು ತೆರುವವರು ನಿಜವಾದ ಒಡೆಯರು. ಆದ್ದರಿಂದ ಇಂಥ ಬೀಗವು ತಾನು ಏಕೆ ಮುಚ್ಚಿಯೇ ಇದ್ದೇನೆಂದು ಹೇಳುವ ಹೊಣೆಯನ್ನೂ ಹೊರಬೇಕು.

ಒಳಗೆ ಸಿಕ್ಕಿಕೊಂಡ ಕೆಲಸವನ್ನು ಉಳಿಸಿಕೊಳ್ಳಲು ದಾರಿಯಿದೆ. ಕನ್ಸೋಲಿನಲ್ಲಿ ಲಾಗಿನ್ ಆಗಿ, ಲಾಗಿನ್‌ಸಿಟಿಎಲ್ ಮೂಲಕ ಸೆಷನ್ನುಗಳ ಪಟ್ಟಿ ನೋಡಿ, ಸಿಕ್ಕಿಬಿದ್ದ ಸೆಷನ್ನಿನ ಸಂಖ್ಯೆಗೆ ಅನ್‌ಲಾಕ್-ಸೆಷನ್ ಆದೇಶ ಕೊಟ್ಟರೆ ಗ್ನೋಮ್, ಕೆಡಿಇ ಡೆಸ್ಕ್‌ಟಾಪುಗಳ ಬೀಗಗಳು ತೆರೆದುಕೊಳ್ಳುತ್ತವೆ. ಪರೀಕ್ಷೆಯನ್ನು ಇಲ್ಲಿ ಕೈಬಿಟ್ಟಿಲ್ಲ. ಕನ್ಸೋಲಿನಲ್ಲಿ ಅದು ಆಗಲೇ ಮುಗಿದಿದೆ.

ಪಾಸ್‌ವರ್ಡ್ ನಿಜವಾಗಿಯೂ ಮರೆತಿದ್ದರೆ ಸಾಕ್ಷಿಯೂ ನೆರವಾಗದು; ‘ನಾನೇ’ ಎಂಬುದು ಗೊತ್ತು, ಪದ ಗೊತ್ತಿಲ್ಲ. ಆಗ ರಿಕವರಿ ಮೋಡ್‌ನಲ್ಲಿ ರೂಟ್ ಆಗಿ ಹೊಸ ಪಾಸ್‌ವರ್ಡ್ ಹಾಕಬಹುದು. ಡಿಸ್ಕನ್ನು ಲಕ್ಸ್‌ನಿಂದ ಎನ್‌ಕ್ರಿಪ್ಟ್ ಮಾಡಿದ್ದರೆ ಅದರ ಪದವಿಲ್ಲದೆ ಅಲ್ಲಿಗೂ ತಲುಪಲಾಗದು, ಏಕೆಂದರೆ ಅಲ್ಲಿ ಪದ ಬರಿಯ ಗುರುತಲ್ಲ, ಡಿಸ್ಕಿನ ಕೀಲಿಯನ್ನು ಹೊರತೆಗೆಯುವುದೇ ಅದು. ಡೆಸ್ಕ್‌ಟಾಪಿನ ಕೀರಿಂಗ್ ಕೂಡ ಅಂಥದ್ದೇ. ರೂಟ್ ಕೊಟ್ಟ ಹೊಸ ಪಾಸ್‌ವರ್ಡಿನಿಂದ ಬೀಗ ತೆರೆದರೂ, ಕೂಡಿಟ್ಟ ವೈಫೈ ಮತ್ತು ಇಮೇಲ್ ಗುಟ್ಟುಗಳಿರುವ ಕೀರಿಂಗ್ ಹಳೆಯ ಪಾಸ್‌ವರ್ಡನ್ನೇ ಕೇಳುತ್ತದೆ. ಅದು ನೆನಪಾಗದಿದ್ದರೆ ಕೀರಿಂಗನ್ನು ಅಳಿಸಿ ಹೊಸದು ಮಾಡಿ, ಆ ಗುಟ್ಟುಗಳನ್ನು ಒಂದೊಂದಾಗಿ ಮತ್ತೆ ತುಂಬಬೇಕಾಗುತ್ತದೆ.