ಹುಟ್ಟಲಿರುವವರ ಪಾಲು



ನಾವು ಬದುಕು ಕಟ್ಟಿಕೊಂಡಿರುವ ಈ ಕುವೈತ್‌ನಲ್ಲಿ ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲ. ಮಳೆ ವರ್ಷಕ್ಕೆ ನಾಲ್ಕೈದು ಅಂಗುಲ. 2016ರ ಜುಲೈನಲ್ಲಿ ಮಿತ್ರಿಬಾದಲ್ಲಿ 53.9 ಡಿಗ್ರಿ ಬಿಸಿ ದಾಖಲಾಯಿತು. ಆದರೂ ನಮ್ಮ ಮನೆಗಳ ನಲ್ಲಿ ಬತ್ತುವುದಿಲ್ಲ. ಇದು ಯಾರ ಋಣ ಎಂದು ಒಮ್ಮೆ ಯೋಚಿಸುವುದು ಒಳ್ಳೆಯದು.

ಎಣ್ಣೆ ಸಿಗುವ ಮೊದಲು ಇಲ್ಲಿಯ ಜನ ಸಮುದ್ರವನ್ನೇ ನಂಬಿದ್ದರು. ಬೇಸಿಗೆಯಲ್ಲಿ ಮುತ್ತಿಗಾಗಿ ಮುಳುಗುತ್ತಿದ್ದರು. ಬಸ್ರಾದ ಖರ್ಜೂರ ಹೇರಿಕೊಂಡು ಹಾಯಿಹಡಗುಗಳಲ್ಲಿ ಭಾರತಕ್ಕೂ ಆಫ್ರಿಕಕ್ಕೂ ಹೋಗುತ್ತಿದ್ದರು. ಹಡಗು ಕಟ್ಟುವ ತೇಗ ಮಲಬಾರಿನಿಂದ ಬರುತ್ತಿತ್ತು. ಕುಡಿಯುವ ನೀರು ಷತ್ ಅಲ್ ಅರಬ್ ನದಿಯಿಂದ ದೋಣಿಗಳಲ್ಲಿ ಬರುತ್ತಿತ್ತು. 1930ರ ದಶಕದಲ್ಲಿ ಜಪಾನಿನ ಸಾಕಿದ ಮುತ್ತು ಹಾಗೂ ಜಾಗತಿಕ ಆರ್ಥಿಕ ಕುಸಿತ ಸೇರಿ ಮುತ್ತಿನ ವ್ಯಾಪಾರವನ್ನು ನೆಲಕಚ್ಚಿಸಿದವು. 1938ರಲ್ಲಿ ಬುರ್ಗಾನ್‌ನಲ್ಲಿ ಎಣ್ಣೆ ಸಿಕ್ಕಿತು, 1946ರಲ್ಲಿ ರಫ್ತು ಆರಂಭವಾಯಿತು. 1953ರ ಹೊತ್ತಿಗೆ ಸಮುದ್ರದ ಉಪ್ಪುನೀರನ್ನು ಸಿಹಿನೀರಾಗಿಸುವ ಸರ್ಕಾರಿ ಸ್ಥಾವರ ಬಂತು.

ಮುತ್ತಿನ ಚಿಪ್ಪು ಮತ್ತೆ ಬೆಳೆಯುತ್ತದೆ. ಉರಿಸಿದ ಎಣ್ಣೆ ಮತ್ತೆ ಬರುವುದಿಲ್ಲ. ಕೋಟ್ಯಂತರ ವರ್ಷ ನೆಲದಡಿ ಕೂಡಿದ ಸಂಪತ್ತು ಒಂದು ತಲೆಮಾರಿನ ಕಾಲದಲ್ಲಿ ಸಿಕ್ಕಿತೆಂದ ಮಾತ್ರಕ್ಕೆ ಅದು ಪೂರ್ತಿ ಅವರದೇ ಆಗುತ್ತದೆಯೇ?

ಇಲ್ಲ ಎಂದು ಕುವೈತ್ 1976ರಲ್ಲಿಯೇ ಕಾನೂನು ಮಾಡಿ ಹೇಳಿತು. ಸರ್ಕಾರದ ಆದಾಯದಲ್ಲಿ ಪ್ರತಿ ವರ್ಷ ನೂರಕ್ಕೆ ಹತ್ತು ಭಾಗ ಮುಂದಿನ ಪೀಳಿಗೆಗಳ ನಿಧಿಗೆ ಹೋಗತಕ್ಕದ್ದು ಎಂದು ಗೊತ್ತುಮಾಡಿತು. 1990ರಲ್ಲಿ ಇರಾಕ್ ದಾಳಿ ಮಾಡಿದಾಗ, ಆಮೇಲೆ ನಾಡನ್ನು ಮತ್ತೆ ಕಟ್ಟುವಾಗ, ಈ ಉಳಿತಾಯವೇ ಕೈಹಿಡಿಯಿತು. ಅದನ್ನು ಮಾತು ಮುರಿದದ್ದು ಎನ್ನಲಾಗದು. ಮನೆಯೇ ಹೋದರೆ ಮಕ್ಕಳಿಗೆ ಉಳಿಯುವುದೇನು?

ಕಷ್ಟದ ಪ್ರಶ್ನೆ ಎದುರಾದದ್ದು 2020ರಲ್ಲಿ. ಎಣ್ಣೆಯ ಬೆಲೆ ಕುಸಿದು ಖಜಾನೆಗೆ ಕೊರತೆ ಬಂದಾಗ, ಹಣ ಮಿಕ್ಕ ವರ್ಷಗಳಲ್ಲಿ ಮಾತ್ರ ನಿಧಿಗೆ ಹಾಕಿದರೆ ಸಾಕು ಎಂದು ಕಾನೂನು ಬದಲಾಯಿತು. ಇಂದಿನವರ ಸಂಬಳ ನಿಲ್ಲಿಸಿ ನಾಳಿನವರಿಗೆ ಕೂಡಿಡುವುದು ಯಾವ ನ್ಯಾಯ ಎಂಬ ವಾದದಲ್ಲಿಯೂ ಹುರುಳಿದೆ. ಆದರೂ ನಮಗೆ ತೋರುವುದು ಇಷ್ಟು: ಮೊದಲೇ ಎತ್ತಿಟ್ಟದ್ದು ಪಾಲು, ಮಿಕ್ಕಿದ್ದರಲ್ಲಿ ಕೊಟ್ಟದ್ದು ದಾನ. ಹುಟ್ಟದವರು ಬಾಗಿಲಿಗೆ ಬಂದು ಕೇಳಲಾರರು. ಆದ್ದರಿಂದಲೇ ಅವರ ಪಾಲನ್ನು ನಮ್ಮ ಅನುಕೂಲಕ್ಕೆ ಬಿಡಬಾರದು.

ಹಣವೊಂದರಿಂದಲೇ ಈ ಲೆಕ್ಕ ಚುಕ್ತಾ ಆಗುವುದೂ ಇಲ್ಲ. ನೀರಿನ ಸ್ಥಾವರಗಳು ಎಣ್ಣೆ ಮತ್ತು ಅನಿಲ ಉರಿಸಿ ನಡೆಯುತ್ತವೆ. ಉಳಿದ ಗಾಢ ಉಪ್ಪುನೀರನ್ನು ಆಳವಿಲ್ಲದ ಈ ಕೊಲ್ಲಿಗೇ ಬಿಡುತ್ತವೆ. ನಾಳಿನವರಿಗೆ ನಿಧಿಯಷ್ಟೇ ಅಲ್ಲ, ಸಮುದ್ರವೂ ಬೇಕು.

ಇದು ಅರಬರ ಚಿಂತೆ, ನಮಗೇಕೆ ಎನ್ನುವಂತಿಲ್ಲ. ಇಲ್ಲಿಯ ಜನಸಂಖ್ಯೆಯಲ್ಲಿ ಹೊರನಾಡಿಗರೇ ಹೆಚ್ಚು; ಅದೇ ನೀರನ್ನು ನಾವೂ ಕುಡಿಯುತ್ತೇವೆ. ಊರಿನ ಕಡೆ ನೋಡಿದರೆ ಕೋಲಾರದ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಅಲ್ಲಿಯೂ ನೆಲದಡಿಯ ಹಳೆಯ ಗಂಟನ್ನೇ ಕರಗಿಸುತ್ತಿದ್ದೇವೆ, ಅದಕ್ಕೆ ಹತ್ತು ಭಾಗದ ಕಾನೂನೂ ಇಲ್ಲ. ಇಲ್ಲಿ ದುಡಿದ ಹಣದಲ್ಲಿ ಊರಿನ ತೋಟಕ್ಕೆ ಇನ್ನೊಂದು ಬಾವಿ ಕೊರೆಸುವ ಮೊದಲು, ಮಳೆನೀರು ಇಂಗುವ ಒಂದು ಹೊಂಡವನ್ನು ತೋಡಿಸಬಹುದಲ್ಲವೇ? ಮನೆಮಂದಿಯೆಲ್ಲ ಕೂಡಿ ಯೋಚಿಸೋಣ.